ಉಪ್ಪರಿಗೆ ಮನೆಯ ಬೇಸಾಯಗಾರ

ಅಚ್ಚುಕಟ್ಟಾಗಿರುವುದು ಒಳ್ಳೆಯ ಗುಣವೆಂದು ಚಿಕ್ಕಂದಿನಿಂದ ಎಲ್ಲರೂ ನನಗೆ ಹೇಳಿಕೊಟ್ಟರು. ಅದೇ ಗುಣ ಒಂದು ದಿನ ಕೋರ್ಟಿನಲ್ಲಿ ನನ್ನ ವಿರುದ್ಧ ಸಾಕ್ಷಿ ಹೇಳೀತೆಂದು ಮಾತ್ರ ಯಾರೂ ಹೇಳಲಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಓದುವಾಗ ಗಂಟೆ ಬಾರಿಸಿದರೆ ಏಳುವುದನ್ನೂ ಗಂಟೆ ಬಾರಿಸಿದರೆ ಉಣ್ಣುವುದನ್ನೂ ಕಲಿತೆ. ಆಮೇಲೆ ರೈಲ್ವೆಯಲ್ಲಿ ಗೂಡ್ಸ್ ಗುಮಾಸ್ತನಾಗಿ ಸೇರಿ, ಗಂಟೆ ಇಲ್ಲದೆಯೂ ಅವನ್ನೆಲ್ಲ ಮಾಡುವಷ್ಟು ಪಳಗಿದೆ. ರಿಟೈರಾಗಿ ಮದ್ದೂರಿನ ನಮ್ಮ ಮನೆಗೆ ಬಂದು ನೆಲೆಸಿದ ಮೇಲೂ ಇಸ್ತ್ರಿ ಮಾಡಿದ ಕೋಟಿಲ್ಲದೆ ಜಗಲಿಗೂ ಬಂದವನಲ್ಲ. ಚಪ್ಪಲಿಗಳು ಗೋಡೆಯ ಕಡೆಗೆ ಮುಖ ಮಾಡಿ ಸಾಲಾಗಿ ನಿಲ್ಲಬೇಕು. ಚೊಂಬುಗಳು ಎತ್ತರದ ಪ್ರಕಾರ ಕೂರಬೇಕು. ನನ್ನ ಹೆಂಡತಿ ಚಿಕ್ಕತಾಯಮ್ಮ, ಇದು ಮನೆಯೋ ಸ್ಟೇಷನ್ನೋ ಎಂದು ನೆಂಟರ ಮುಂದೆಲ್ಲ ಕೇಳುತ್ತಿದ್ದಳು. ಊರಿನವರು ಅವಳ ಪರವಾಗಿ ತೀರ್ಪು ಕೊಟ್ಟು ನನಗೆ ರೈಲ್‌ಗೌಡ ಎಂದು ಹೆಸರಿಟ್ಟರು.

ಇಷ್ಟು ಲೆಕ್ಕಾಚಾರದ ಮನುಷ್ಯ ಸಾಲ ಮಾಡಿದ್ದು ಹೇಗೆ ಎಂದು ನೀವು ಕೇಳಬಹುದು. ಅಚ್ಚುಕಟ್ಟಿಗಾಗಿಯೇ ಮಾಡಿದೆ. ನಮ್ಮ ಬೀದಿಯಲ್ಲಿ ನಮ್ಮ ಮನೆಯ ಎಡಕ್ಕೂ ಬಲಕ್ಕೂ ಉಪ್ಪರಿಗೆ ಮನೆಗಳು. ನಡುವೆ ನಮ್ಮದು ಮಾತ್ರ ಬಿದ್ದುಹೋದ ಹಲ್ಲಿನ ಜಾಗದ ಹಾಗೆ ಕಾಣುತ್ತಿತ್ತು. ಸಾಲು ಕೆಟ್ಟಿದ್ದನ್ನು ಸಹಿಸಲಾರದೆ, ಮನೆಯನ್ನೇ ಆಧಾರ ಬರೆದುಕೊಟ್ಟು ಮಳವಳ್ಳಿಯ ಸಾಹುಕಾರರೊಬ್ಬರಿಂದ ಸಾಲ ತಂದು ಉಪ್ಪರಿಗೆ ಎಬ್ಬಿಸಿದೆ. ಸಂಬಳ ನಿಂತುಹೋಗಿತ್ತು, ರೈಲ್ವೆಯವರು ಕೊಟ್ಟ ಗಂಟು ಮಗಳ ಮದುವೆಯಲ್ಲಿ ಕರಗಿತ್ತು. ಉಳಿದಿದ್ದ ಒಂದೇ ಆದಾಯವೆಂದರೆ ಕೆರೆಯ ಕೆಳಗಿನ ಗದ್ದೆ. ಭತ್ತ ನಮ್ಮ ಹೊಟ್ಟೆಗೆ ಸಾಕಾಗುತ್ತಿತ್ತು, ಬಡ್ಡಿಯ ಹೊಟ್ಟೆಗೆ ಸಾಕಾಗಲಿಲ್ಲ. ಸಾಹುಕಾರರು ಒಂದೆರಡು ಸಲ ಹೇಳಿ ಕಳುಹಿಸಿ, ಆಮೇಲೆ ಹೇಳುವುದನ್ನು ನಿಲ್ಲಿಸಿ ಕೋರ್ಟಿಗೆ ಹೋದರು. ಸಾಲ ತೀರಿಸಬೇಕೆಂದು ಡಿಕ್ರಿಯಾಯಿತು, ಕೊಟ್ಟಿದ್ದ ವಾಯಿದೆಯೂ ಮುಗಿಯಿತು.

ಒಂದು ಬೆಳಿಗ್ಗೆ ನಮ್ಮ ಬಾಗಿಲಲ್ಲಿ ತಮಟೆಯ ಸದ್ದು ಕೇಳಿಸಿತು. ಯಾರದೋ ಮದುವೆಯ ದಿಬ್ಬಣವೆಂದು ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಬಂದಿದ್ದವರು ಕೋರ್ಟಿನ ಅಮೀನರು. ಮನೆಯನ್ನು ಹರಾಜು ಹಾಕುವುದಾಗಿ ತಮಟೆ ಹೊಡೆಸಿ ಸಾರಿ, ನೋಟೀಸನ್ನು ನಮ್ಮ ಬಾಗಿಲಿಗೆ ಅಂಟಿಸಿ ಹೊರಟುಹೋದರು. ಬೀದಿಗೆ ಬೀದಿಯೇ ನಿಂತು ನೋಡುತ್ತಿತ್ತು. ಅವಮಾನದಿಂದ ನನ್ನ ಕಿವಿ ಕಾದುಹೋಗಿತ್ತು, ಸುಳ್ಳಲ್ಲ. ಆದರೆ ಅಮೀನರು ಆ ಕಾಗದವನ್ನು ಸೊಟ್ಟಗೆ ಅಂಟಿಸಿದ್ದರು. ಅಂಟು ಆರಿಬಿಟ್ಟರೆ ಕಷ್ಟವೆಂದು ನಾನು ಬೇಗ ಬೇಗ ಅದನ್ನು ನೆಟ್ಟಗೆ ಮಾಡಿದೆ. ಅಳುತ್ತಿದ್ದ ಚಿಕ್ಕತಾಯಮ್ಮ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು.

"ಮನೆ ಓಯ್ತದೆ ಅಂತ ನಾನ್ ಅಳ್ತಾ ಇವ್ನಿ, ನೀವು ಚೀಟಿ ಸೊಟ್ಟಗದೆ ಅಂತೀರಲ್ಲ" ಎಂದಳು.

ಅಂದೇ ಮಂಡ್ಯಕ್ಕೆ ಹೋಗಿ ಒಬ್ಬ ಹಿರಿಯ ವಕೀಲರನ್ನು ಕಂಡೆ. ಅವರು ಕಾಗದಗಳನ್ನು ಓದಿ, ಎದೆಗೆಡಬೇಕಾಗಿಲ್ಲ, ನಮ್ಮ ಸಂಸ್ಥಾನದಲ್ಲಿ ಸಾಲದಲ್ಲಿ ಸಿಕ್ಕಿದ ಬೇಸಾಯಗಾರರಿಗೆ ಕಾನೂನಿನ ಆಸರೆ ಇದೆ ಎಂದರು. ಕೋರ್ಟಿಗೆ ಒಪ್ಪಿಗೆಯಾದರೆ ಹರಾಜನ್ನು ತಡೆಯುತ್ತದೆ, ಸಾಲವನ್ನು ಕಂತಿಗೆ ಹಾಕಿಕೊಡುತ್ತದೆ, ಬಡ್ಡಿ ವಿಪರೀತವೆನಿಸಿದರೆ ಅದನ್ನೂ ತಗ್ಗಿಸುತ್ತದೆ. ಆದರೆ ಸಾಲಗಾರ ಬೇಸಾಯಗಾರನೇ ಆಗಿರಬೇಕು. ಎಂದರೆ ಜೀವನಕ್ಕೆ ಮುಖ್ಯವಾಗಿ ಬೇಸಾಯವನ್ನೇ ನಂಬಿದವನೋ, ಸ್ವತಃ ಗದ್ದೆಗಿಳಿದು ದುಡಿಯುವವನೋ ಆಗಿರಬೇಕು. ಇಷ್ಟು ಹೇಳಿ ನನ್ನ ಕೋಟನ್ನೂ ರುಮಾಲನ್ನೂ ಮೇಲಿಂದ ಕೆಳಗೆ ನೋಡಿದರು. ನಿಮ್ಮನ್ನು ನೋಡಿದರೆ ಸ್ಟೇಷನ್ ಮಾಸ್ಟರರ ಹಾಗಿದ್ದೀರಿ ಎಂದರು. ಅಷ್ಟು ದೊಡ್ಡವನಲ್ಲ, ಬರೀ ಗೂಡ್ಸ್ ಗುಮಾಸ್ತನಾಗಿದ್ದೆ ಎಂದು ನಾನು ವಿನಯದಿಂದ ಹೇಳಿದೆ. ವಕೀಲರು ಹಣೆ ಚಚ್ಚಿಕೊಂಡರು.

ಅವರ ಭಯ ಸುಳ್ಳಾಗಲಿಲ್ಲ. ಆ ಆಸರೆ ಕೋರಿ ಹಾಕಿದ ನನ್ನ ಅರ್ಜಿ ವಿಚಾರಣೆಗೆ ಬಂದಾಗ ಸಾಹುಕಾರರ ಕಡೆಯ ವಕೀಲರು ಎದ್ದು ನಿಂತು, ಕೋಟು ತೊಟ್ಟು ಉಪ್ಪರಿಗೆಯಲ್ಲಿ ಕುಳಿತು ಕಾಗದ ಓದುವ ಈ ಮಹನೀಯರು ಬೇಸಾಯಗಾರರಾದರೆ ವಕೀಲನಾದ ನಾನು ನೇಗಿಲೇ ಇರಬೇಕು ಎಂದರು. ಕೋರ್ಟು ನಕ್ಕಿತು. ಕೊನೆಗೆ ನ್ಯಾಯಾಧೀಶರು, ಸ್ಥಳಕ್ಕೆ ಹೋಗಿ ನೋಡಿ ವರದಿ ಕೊಡಲು ಒಬ್ಬ ಕಿರಿಯ ವಕೀಲರನ್ನು ಕಮಿಷನರೆಂದು ನೇಮಿಸಿದರು. ಮನೆ ಉಳಿಯುವುದೂ ಹೋಗುವುದೂ ಈಗ ಅವರ ಕಣ್ಣಿಗೆ ನಾನು ಹೇಗೆ ಕಾಣುತ್ತೇನೆ ಎಂಬುದರ ಮೇಲೆ ನಿಂತಿತು.

ನನ್ನ ಭಾವಮೈದ ಕೆಂಚೇಗೌಡ ಬೆಸಗರಹಳ್ಳಿಯವನು, ಹುಟ್ಟಾ ಒಕ್ಕಲು. ವಿಷಯ ತಿಳಿದವನೇ ಗಾಡಿ ಕಟ್ಟಿಕೊಂಡು ಬಂದ. ಗಾಡಿಯಲ್ಲಿ ನೇಗಿಲು, ನೊಗ, ಹುಲ್ಲಿನ ಹೊರೆ, ಸಾಲದ್ದಕ್ಕೆ ಒಂದಿಷ್ಟು ಗೊಬ್ಬರ. ನಾವು ಗದ್ದೆಯನ್ನೇ ನಂಬಿ ಬದುಕುತ್ತಿರುವುದು ನಿಜವಾಗಿರುವಾಗ ಈ ವೇಷವೆಲ್ಲ ಏಕೆ ಎಂದು ನಾನು ಕೇಳಿದೆ. ನಿಜವಾದರೆ ಸಾಲದು, ನಿಜದ ಹಾಗೆ ಕಾಣಬೇಕು ಎಂದು ಹೇಳಿ, ಎಲ್ಲವನ್ನೂ ಅಂಗಳದಲ್ಲಿ ಸುರಿದು ಊಟಕ್ಕೆ ಕುಳಿತ. ಅವನು ಉಂಡು ಹೊರಗೆ ಬರುವಷ್ಟರಲ್ಲಿ ನಾನು ನೇಗಿಲನ್ನು ಒರೆಸಿ ಗೋಡೆಗೆ ನೇರವಾಗಿ ನಿಲ್ಲಿಸಿದ್ದೆ. ಹುಲ್ಲನ್ನು ಒಂದೇ ಅಳತೆಯ ಕಂತೆಗಳಾಗಿ ಕಟ್ಟಿದ್ದೆ. ಗೊಬ್ಬರವನ್ನು ಚೌಕವಾಗಿ ಬಡಿದು, ಯಾರೂ ತುಳಿಯದಿರಲೆಂದು ಸುತ್ತ ಕಲ್ಲಿಟ್ಟು ಕಲ್ಲಿಗೆ ಸುಣ್ಣ ಬಳಿದಿದ್ದೆ.

ಕೆಂಚೇಗೌಡ ಬಾಯಿ ಮೇಲೆ ಕೈ ಇಟ್ಟುಕೊಂಡ. "ತಿಪ್ಪೆಗೂ ಪ್ಲಾಟ್‌ಫಾರಂ ಕಟ್ಬುಟ್ಯಲ್ಲ ಬಾವ" ಎಂದ.

ಅವನ್ನೆಲ್ಲ ಮತ್ತೆ ಕೆಡಿಸಿ ಸಹಜವಾಗಿ ಕಾಣುವಂತೆ ಮಾಡಲು ಅವನಿಗೆ ಪುರುಸೊತ್ತಾಗಲಿಲ್ಲ. ಕಮಿಷನರು ಬಂದೇಬಿಟ್ಟರು. ಮೈಸೂರಿನ ಕಡೆಯ ಹುಡುಗ, ಸೌಮ್ಯ ಸ್ವಭಾವ. ಅಂಗಳದಲ್ಲಿ ಗೊಬ್ಬರದ ಚೌಕವನ್ನು ಒಂದು ಸುತ್ತು ಬಂದು, ಇದು ಯಾರ ಸಮಾಧಿ ಎಂದು ಮೆಲ್ಲಗೆ ಕೇಳಿದರು. ಉಪ್ಪರಿಗೆಯನ್ನು ಬಹಳ ಹೊತ್ತು ನೋಡಿದರು. ನನ್ನ ವೃತ್ತಿ ಏನೆಂದು ಕೇಳಿದಾಗ ನಾನು ಕೈಕಟ್ಟಿ ನಿಂತು, ಕೃಷಿಯೇ ನನ್ನ ಪ್ರಧಾನ ವೃತ್ತಿಯಾಗಿದ್ದು ಅನ್ಯ ಆದಾಯಮೂಲ ಯಾವುದೂ ಇರುವುದಿಲ್ಲ ಎಂದು ಹೇಳಿದೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಅವರ ಮುಖ ನೋಡಿದರೆ ಒಂದಕ್ಷರವನ್ನೂ ನಂಬಿದಂತಿರಲಿಲ್ಲ.

ಅಷ್ಟರಲ್ಲಿ ಹಿತ್ತಿಲಿನಿಂದ ಚಿಕ್ಕತಾಯಮ್ಮ ಓಡಿಬಂದಳು. ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಬಿಡುವ ನೀರಗಂಟಿ ಬಂದು ಹೇಳಿ ಹೋದನಂತೆ: ಇಂದು ನಮ್ಮ ಸರದಿ ಇನ್ನೂ ಮುಗಿದಿಲ್ಲ, ಆಗಲೇ ಪಕ್ಕದ ಗದ್ದೆಯ ಬೋರೇಗೌಡ ಕಾಲುವೆಯನ್ನು ತನ್ನ ಕಡೆಗೆ ಒಡೆದುಕೊಂಡಿದ್ದಾನೆ. ಸರದಿ ಎಂಬ ಮಾತು ಕೇಳಿದರೆ ನನಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಬದುಕಿನಲ್ಲಿ ನಾನು ಯಾರ ಸರದಿಯನ್ನೂ ಮುರಿದವನಲ್ಲ, ನನ್ನದನ್ನು ಮುರಿಯಲು ಬಿಟ್ಟವನೂ ಅಲ್ಲ. ಕಮಿಷನರು ಏನೋ ಬರೆದುಕೊಳ್ಳುತ್ತಿದ್ದರು. ಅವರಿಗೆ ಒಂದು ಮಾತೂ ಹೇಳದೆ, ಗುದ್ದಲಿ ಎತ್ತಿಕೊಂಡು, ಬರಿಗಾಲಲ್ಲಿ ಓಡಿದೆ. ಹೋದವನು ಗದ್ದೆಯ ಬದುವಿನ ಮೇಲೂ ನಿಲ್ಲಲಿಲ್ಲ. ಇಸ್ತ್ರಿ ಪಂಚೆಯನ್ನು ತೊಡೆಗೇರಿಸಿ ಕೆಸರಿಗೆ ಇಳಿದೆ, ಬಾಯಿ ತೆರೆದೆ. ಹಾಸ್ಟೆಲಿಗೆ ಹೋದ ದಿನದಿಂದ ಬೀಗ ಹಾಕಿ ಇಟ್ಟಿದ್ದ ನನ್ನ ತಾಯಿ ಆಡುತ್ತಿದ್ದ ಹಳ್ಳಿಯ ಮಾತೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು.

"ಲೇ ಬೋರ, ಮುಚ್ಲಾ ಆ ಕಾಲ್ವೆಯ. ನನ್ ಸರ್ದಿ ನೀರು ಕಣ್ಲಾ ಅದು. ನಿನ್ ಗದ್ದೆ ಕುಡ್ದು ತೇಗ್ತಾ ಅದೆ, ನನ್ ಪೈರು ಬಾಯ್ ಬುಟ್ಕಂಡು ನಿಂತದೆ. ನೀರ್ ಬುಡ್ತೀಯೋ, ನಿನ್ನೇ ಎತ್ತಾಕಿ ಕಾಲ್ವೆಗೆ ಅಡ್ಡ ಮಲುಗ್ಸಲೋ?"

"ನಿಮ್ ರೈಲು ಒಂಟೋಯ್ತು ಕಣ್ ಬುಡಿ ಗೌಡ್ರೆ. ನೀರ್ಗೇನು ಗಂಟೆ ಒಡೀತಾರಾ?" ಎಂದ ಬೋರೇಗೌಡ.

ಆಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಬೋರೇಗೌಡನಿಗೂ ಅವು ಹೊಸವೆಂದು ತೋರಿತು. ಬಾಯಿ ಮುಚ್ಚಿಕೊಂಡು ಕಾಲುವೆಯನ್ನೂ ಮುಚ್ಚಿದ. ಉಳಿದ ಮಣ್ಣನ್ನು ನಾನೇ ಗುದ್ದಲಿಯಿಂದ ಎಳೆದು ಹಾಕಿ, ನೀರು ನಮ್ಮ ಗದ್ದೆಗೆ ತಿರುಗಿದ್ದನ್ನು ನೋಡಿ ತಲೆಯೆತ್ತಿದರೆ, ಬದುವಿನ ಮೇಲೆ ಕೆಂಚೇಗೌಡನ ಪಕ್ಕದಲ್ಲಿ ಕಮಿಷನರು ಕೊಡೆ ಹಿಡಿದು ನಿಂತಿದ್ದರು. ಗದ್ದೆಯನ್ನೂ ನೋಡಿಬಿಡಿ ಎಂದು ಅವನೇ ಕರೆತಂದಿದ್ದನಂತೆ. ನನ್ನ ಕಾಲು ಮೊಣಕಾಲಿನವರೆಗೆ ಹೂತಿತ್ತು. ಮೀಸೆಯ ಮೇಲೆ ಕೆಸರಿತ್ತು. ಕೈಕಟ್ಟಲು ಹೋದರೆ ಕೈಯಲ್ಲಿ ಗುದ್ದಲಿ.

"ಗೌಡರೇ, ಇದೇ ಮಾತನ್ನು ಮನೆಯಲ್ಲೇ ಆಡಿದ್ದರೆ ನಾನು ಇಷ್ಟು ದೂರ ನಡೆಯುವುದು ತಪ್ಪುತ್ತಿತ್ತು" ಎಂದು ಅವರು ನಗುತ್ತಾ ಪೆನ್ಸಿಲ್ ತೆಗೆದರು.

ಅರ್ಜಿದಾರನು ಸ್ವತಃ ಗದ್ದೆಗಿಳಿದು ಬೇಸಾಯ ಮಾಡುವವನೆಂಬುದನ್ನು ಕಣ್ಣಾರೆ ಕಂಡು ಕಿವಿಯಾರೆ ಕೇಳಿದ್ದಾಗಿ ಅವರು ವರದಿ ಕೊಟ್ಟರು. ಕೋರ್ಟು ಹರಾಜನ್ನು ನಿಲ್ಲಿಸಿ, ಸಾಲವನ್ನು ವರ್ಷವರ್ಷದ ಸುಗ್ಗಿಯಲ್ಲಿ ಕಂತಿನ ಮೇಲೆ ತೀರಿಸುವಂತೆ ಆಜ್ಞೆ ಮಾಡಿತು. ಸಾಹುಕಾರರೂ ಹಣ ಬರುತ್ತದಲ್ಲ ಎಂದು ಸಮಾಧಾನಪಟ್ಟರು. ನಾನು ಮನೆಗೆ ಬಂದು ಕೋಟು ಕಳಚಿ, ಮಡಿಸಿ, ಬಹಳ ದಿನಗಳ ಮೇಲೆ ನೆಮ್ಮದಿಯಿಂದ ಉಪ್ಪರಿಗೆಯಲ್ಲಿ ಒರಗಿಕೊಳ್ಳೋಣವೆಂದು ಮೆಟ್ಟಿಲಿಗೆ ಕಾಲಿಟ್ಟೆ. ಚಿಕ್ಕತಾಯಮ್ಮ ಅಡ್ಡ ನಿಂತಳು. ನೀರು ತಿರುಗಿಸಲು ಬರುತ್ತಿದ್ದ ಕೂಲಿಯವನನ್ನು ಅವಳು ಆಗಲೇ ಬಿಡಿಸಿದ್ದಳು. ಕಳೆ ತೆಗೆಸಲು, ಬದು ಕಟ್ಟಿಸಲು ಇನ್ನು ಯಾರನ್ನೂ ಕರೆಯುವುದಿಲ್ಲವೆಂದಳು.

"ಕೋರ್ಟ್‌ನೋರೆ ಬರುದವ್ರಲ್ಲ, ನೀವು ಸ್ವತಃ ಮಾಡೋರು ಅಂತ. ಸುಳ್ಳಾಗ್‌ಬಾರ್ದು ಕಣ್ ಓಗಿ" ಎಂದು ಗುದ್ದಲಿಯನ್ನು ಕೈಗೆ ಕೊಟ್ಟಳು.

ಕಾನೂನಿನ ದಯೆಯಿಂದ ಮನೆಯೇನೋ ಉಳಿಯಿತು. ಆ ಮನೆಯಲ್ಲಿ ಇರುವುದಕ್ಕೆ ನನಗೆ ಪುರುಸೊತ್ತು ಮಾತ್ರ ಉಳಿಯಲಿಲ್ಲ.