ಮಾದಾ ಎಂಬ ಗಂಡು ಕುದುರೆ

ಕುದುರೆ ಸವಾರಿಯ ಬಗ್ಗೆ ಮಾತಾಡುವವರೆಲ್ಲ ಜೀನಿನ ಮೇಲೆ ಕೂತವರಂತೆ ಮಾತಾಡುತ್ತಾರೆ. ನಾನು ಕೆಳಗೆ ಬಿದ್ದವನು. ನೆಲದ ಮೇಲಿನಿಂದಲೇ ಮಾತಾಡುತ್ತೇನೆ. ಸವಾರಿಗೆ ಗಂಡು ಕುದುರೆ ಒಳ್ಳೆಯದೋ ಹೆಣ್ಣು ಕುದುರೆ ಒಳ್ಳೆಯದೋ ಎಂಬ ವಾದವನ್ನು ಸುರಪುರದ ಕಟ್ಟೆಗಳ ಮೇಲೆ ಎಷ್ಟೋ ಸಲ ಕೇಳಿದ್ದೇನೆ. ಗಂಡಾದರೆ ಜೋರು ಎಂದು ಒಬ್ಬ, ಹೆಣ್ಣಾದರೆ ಸಾಧು ಎಂದು ಇನ್ನೊಬ್ಬ, ಎರಡೂ ಸುಳ್ಳು, ಕಲಿಸಿದವನ ಕೈಗುಣ ಎಂದು ಮೂರನೆಯವ. ನಾನು ಮಾತ್ರ ಬಾಯಿ ಬಿಡುವುದಿಲ್ಲ. ಎಂಟು ತಿಂಗಳು ಒಂದೇ ಕುದುರೆಯ ಮೇಲೆ ಊರೂರು ತಿರುಗಿ, ಅದು ಗಂಡೋ ಹೆಣ್ಣೋ ತಿಳಿಯದೆ ಉಳಿದವನಿಗೆ ಆ ಕಟ್ಟೆಯ ಮೇಲೆ ಜಾಗವಿಲ್ಲ.

ನಿಜಾಮರ ಆಳ್ವಿಕೆ ಮುಗಿದು ನಮ್ಮ ಸೀಮೆ ಭಾರತಕ್ಕೆ ಸೇರಿದ ಹೊಸತು. ವಿಜಾಪುರದ ಕಡೆ ಕನ್ನಡ ಶಾಲೆ ಓದಿದ್ದ ನನ್ನನ್ನು ಶಹಾಪುರದ ಒಂದು ಕಚೇರಿಗೆ ಗುಮಾಸ್ತನಾಗಿ ಹಾಕಿದರು. ಉರ್ದುವಿನಲ್ಲಿದ್ದ ಕಾಗದಪತ್ರಗಳನ್ನು ಕನ್ನಡಕ್ಕೆ ಇಳಿಸುವುದು ನನ್ನ ಕೆಲಸ. ನನಗೆ ಉರ್ದು ಬಾರದು. ಕಚೇರಿಯ ಮುದಿ ಮುನ್ಷಿಗೆ ಕನ್ನಡ ಓದಲು ಬಾರದು. ಅವರು ಓದಿ ಹೇಳುವುದು, ನಾನು ಬರೆದುಕೊಳ್ಳುವುದು. ನಡುವೆ ಸತ್ಯ ಜಾರಿ ಬಿದ್ದರೆ ಎತ್ತಿಕೊಳ್ಳುವವರು ಇರಲಿಲ್ಲ. ಲಾಯದ ಪಟ್ಟಿ ಬಂದ ದಿನ ಅವರು ‘ಕುದುರೆ ಒಂದು, ಮಾದಾ’ ಎಂದು ಓದಿದರು. ಉರ್ದುವಿನಲ್ಲಿ ಮಾದಾ ಎಂದರೆ ಹೆಣ್ಣು. ನಾನು ಅದನ್ನು ಕುದುರೆಯ ಹೆಸರೆಂದು ತಿಳಿದೆ. ಹೊಸ ಪಟ್ಟಿಯಲ್ಲಿ ಹೆಸರು ಎಂಬಲ್ಲಿ ‘ಮಾದಾ’ ಎಂದು ಬರೆದು, ಅಂಥ ಹೆಸರಿನವನು ಗಂಡಸೇ ಇರಬೇಕೆಂದು ಪಕ್ಕದಲ್ಲಿ ‘ಗಂಡು’ ಎಂದೂ ತುಂಬಿದೆ. ಅಕ್ಷರಗಳು ಮಾತ್ರ ದುಂಡಗೆ ಬಂದಿದ್ದವು.

ಕಣ್ಣಿರಲಿಲ್ಲವೇ ಎಂದು ನೀವು ಕೇಳಬಹುದು. ಕಣ್ಣಿತ್ತು, ಅದಕ್ಕಿಂತ ದೊಡ್ಡ ಅಂಜಿಕೆಯಿತ್ತು. ಅಧಿಕಾರಿಯ ಮುಂದೆ, ಕುದುರೆಯ ಹಿಂದೆ ಹೋಗಬಾರದೆಂದು ಹಿರಿಯರು ಹೇಳಿದ್ದನ್ನು ನಾನು ಅಕ್ಷರಶಃ ಪಾಲಿಸಿದವನು. ಹಳ್ಳಿಗಳ ಪಹಣಿ ನೋಡಲು ಆ ಕುದುರೆಯನ್ನು ನನಗೇ ಕೊಟ್ಟಾಗ, ಅದರ ಕಿವಿಯಿಂದ ಜೀನಿನವರೆಗಿನ ಭಾಗವನ್ನಷ್ಟೇ ಪರಿಚಯ ಮಾಡಿಕೊಂಡೆ. ದಿನಾ ಬೆಳಿಗ್ಗೆ ಲಾಯದ ಬಾಗಿಲಲ್ಲಿ ನಿಂತು ‘ಬಾರೋ ಮಾದಾ’ ಎಂದು ಪ್ರೀತಿಯಿಂದ ಕರೆಯುತ್ತಿದ್ದೆ. ಅದು ಒಮ್ಮೆಯೂ ತಿರುಗಿ ನೋಡಲಿಲ್ಲ.

ಲಾಯ ನೋಡಿಕೊಳ್ಳುತ್ತಿದ್ದವನು ಸುರಪುರದ ಹಣಮಂತಪ್ಪ. ಮರಿಯಿದ್ದಾಗಿನಿಂದ ಆ ಕುದುರೆಯನ್ನು ಸಾಕಿ ಪಳಗಿಸಿದವನೂ ಅವನೇ. ಮಾತು ಕಡಿಮೆ. ಆಡಿದರೆ, ಆಕಿ ನಿನ್ನಿಯಿಂದ ಏನೂ ತಿಂದಿಲ್ಲ, ಆಕಿ ಸಿಟ್ಟಿನಲ್ಲಿದ್ದಾಳೆ, ಆಕಿಯ ಕಾಲು ಒತ್ತಿ ಬಂದೆ, ಇಂಥವೇ ಮಾತು. ಹೆಂಡತಿಯ ಬಗ್ಗೆ ಹೇಳುತ್ತಿದ್ದಾನೆಂದು ನಾನು ತಿಳಿದಿದ್ದೆ. ಅವನ ದಾಂಪತ್ಯ ನೋಡಿ ನನಗೆ ಮರುಕವಾಗುತ್ತಿತ್ತು. ಹೆಂಗಸರ ಸಿಟ್ಟು ಹೆಚ್ಚು ದಿನ ಇರುವುದಿಲ್ಲ, ಒಂದು ಸೀರೆ ತಂದುಕೊಡು ಎಂದು ಬುದ್ಧಿ ಹೇಳಿದ್ದೆ. ಅವನು ನನ್ನನ್ನು ಬಹಳ ಹೊತ್ತು ನೋಡಿ, ಹೌದ್ರಿ ಎಂದಿದ್ದ.

ಹೋಳಿ ಹುಣ್ಣಿಮೆಯ ಸುಮಾರಿಗೆ ಕುದುರೆಯ ನಡತೆ ಕೆಟ್ಟಿತು. ಜೀನು ಕಟ್ಟುವಾಗ ಕಿರುಚುವುದು, ದಾರಿಯಲ್ಲಿ ಕಂಡ ಕುದುರೆಯನ್ನೆಲ್ಲ ಕರೆಯುವುದು, ನಡೆಯೆಂದರೆ ನಿಲ್ಲುವುದು. ಸಗರ ಎಂಬ ಹಳ್ಳಿಯ ಅಗಸಿಬಾಗಿಲ ಮುಂದೆ ನಿಂತದ್ದು ನಿಂತೇಬಿಟ್ಟಿತು. ಊರ ಹಿರಿಯರು ಸ್ವಾಗತಕ್ಕೆ ಬಂದು ಕೈಮುಗಿದರು, ನಾನು ಮೇಲಿನಿಂದಲೇ ಮುಗಿದೆ, ಆಮೇಲೆ ಅವರಿಗೂ ನನಗೂ ಏನು ಮಾಡಬೇಕೆಂದು ತೋಚಲಿಲ್ಲ. ಮರ್ಯಾದೆಯ ಪ್ರಶ್ನೆ ಎಂದು ಹಿಂದಿನ ತಿಂಗಳು ಮಾಡಿದಂತೆಯೇ ಬಾರುಕೋಲಿನಿಂದ ಒಂದು ಬಿಟ್ಟೆ. ಮರುಕ್ಷಣ ನಾನು ಹಿರಿಯರ ಕಾಲ ಬಳಿ ಇದ್ದೆ. ಅವರು ಗಾಬರಿಯಲ್ಲಿ ಆಶೀರ್ವಾದ ಮಾಡಿದರು.

ನೋವು ಸೊಂಟದಲ್ಲಿತ್ತು, ಸಿಟ್ಟು ಲೇಖನಿಗೆ ಇಳಿಯಿತು. ‘ಮಾದಾ ಎಂಬ ಗಂಡು ಕುದುರೆಯು ಸ್ವಭಾವತಃ ಮೊಂಡು, ಸವಾರಿಗೆ ನಾಲಾಯಕ್’ ಎಂದು ವರದಿ ಬರೆದೆ. ಎಂಟೇ ದಿನಕ್ಕೆ ಹುಕುಂ ಬಂತು: ಕುದುರೆಯನ್ನು ಸುಣ್ಣದ ಗಾಣಕ್ಕೆ ಕೊಡತಕ್ಕದ್ದು. ಗಾಣದ ಕುದುರೆ ಎಂದರೆ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಬೀಳುವವರೆಗೆ ಸುತ್ತುವುದು.

ಸುದ್ದಿ ಹೇಳಲು ಲಾಯಕ್ಕೆ ಹೋದೆ. ಹಣಮಂತಪ್ಪ ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಮೇವಿನ ಮೇಲೆ ಕೂತುಬಿಟ್ಟ.

“ಆಕಿ ಹೋದ್ರ ನಾ ಯಾರ ಕೂಡ ಮಾತಾಡ್ಲಿರಿ?”

“ಹೇಣ್ತಿ ಎಲ್ಲಿಗೆ ಹೊಂಟಾಳಪ?” ಎಂದೆ.

“ಹೇಣ್ತಿ ತೀರ್ಕೊಂಡು ಹನ್ನೆರಡ ವರ್ಷ ಆತ್ರಿ, ಸಾಹೇಬ್ರ. ನಾ ಹೇಳಾಕತ್ತಿದ್ದು ಈಕಿ ಬಗ್ಗೆ.”

ಈಕಿ ಕಿವಿ ಹಿಂದಕ್ಕೆ ಮಾಡಿ ನನ್ನನ್ನೇ ನೋಡುತ್ತಿದ್ದಳು. ಹೆಸರು ಗುಲಾಬಿಯಂತೆ. ನಾನು ದಿನಾ ‘ಬಾರೋ ಮಾದಾ’, ಅಂದರೆ ‘ಬಾರೋ ಹೆಣ್ಣೇ’ ಎಂದು ಕರೆಯುತ್ತಿದ್ದುದನ್ನು ಕೇಳಿ, ಓದಿದವರ ರೀತಿ ಹೀಗಿರಬೇಕೆಂದು ಅವನು ಸುಮ್ಮನಿದ್ದನಂತೆ. ಆಮೇಲೆ ತನಗೆ ತಿಳಿದದ್ದನ್ನು ನಿಧಾನವಾಗಿ ಹೇಳಿದ.

“ಗಂಡು ಕುದುರಿ ಸಿಟ್ಟು ಬಂದ್ರ ಅಲ್ಲೇ ಜಿಗದಾಡಿ ಮರೀತದ್ರಿ. ಹೆಣ್ಣು ಹಂಗಲ್ಲ, ಮನಸಿನ್ಯಾಗ ಇಟ್ಕೊಂತಾಳ. ನೀವು ಹೋದ ತಿಂಗಳ ಹೊಡದದ್ದು ಈಕೀಗೆ ನೆನಪದ. ಮ್ಯಾಲ ಈಗ ಬೆದಿಗೆ ಬಂದಾಳ, ನಾಕೈದು ದಿನ ಮೈ ಮುಟ್ಟಿಸ್ಕೊಳ್ಳಂಗಿಲ್ಲ. ಅದನ್ನ ತಿಳ್ಕೊಂಡು ನಡಸಿದ್ರ ಜೀವ ಕೊಡ್ತಾಳ್ರಿ.”

ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದೆ. ದಿನಾ ಹೇಳಿದೆನಲ್ಲ ಎಂದ. ನಿಜ, ಹೇಳಿದ್ದ. ನಾನು ಸೀರೆ ತರಲು ಹೇಳಿದ್ದೆ. ನನಗೆ ನಗು ಬರಲಿಲ್ಲ. ಆ ಮನುಷ್ಯನಿಗಿದ್ದ ಒಂದೇ ಜೊತೆಯನ್ನು ನನ್ನ ದುಂಡಗಿನ ಅಕ್ಷರ ಗಾಣಕ್ಕೆ ಕಟ್ಟುತ್ತಿತ್ತು.

ಕುದುರೆಯ ಹಿಂದೆ ಹೋಗದ ತಪ್ಪಿಗೆ ಅಧಿಕಾರಿಯ ಮುಂದೆ ಹೋಗಬೇಕಾಯಿತು. ಅವರು ಉರ್ದುವಿನಲ್ಲೇ ನರೆತು ಈಚೆಗೆ ಕನ್ನಡ ಬರೆಯಲು ಕಲಿತವರು, ನಗದ ಮನುಷ್ಯ. ನಾನು ಕಾಯಂ ಆಗಿರಲಿಲ್ಲ; ಒಂದು ಗೆರೆ ಎಳೆದರೆ ಮರುದಿನ ವಿಜಾಪುರದ ದಾರಿ ಹಿಡಿಯಬೇಕು. ಬಾಗಿಲಿನವರೆಗೆ ಎರಡು ಸಲ ಹೋಗಿ ತಿರುಗಿ ಬಂದೆ. ಮೂರನೆಯ ಸಲ ಒಳಗೆ ಹೋಗಿ, ಎಂಟು ತಿಂಗಳ ಸಂಗತಿಯನ್ನೆಲ್ಲ ಒಪ್ಪಿಕೊಂಡು ಬರೆದ ಕಾಗದ ಇಟ್ಟೆ. ಅವರು ಓದಿದರು. ಇನ್ನೊಮ್ಮೆ ಓದಿದರು.

“ಸಗರದಾಗ ನಿಮ್ಮನ್ನ ಕೆಡವಿದ್ದು ಗಂಡಂತ ತಿಳ್ಕೊಂಡ್ರೇನು?”

ಹೌದ್ರಿ ಎಂದೆ. ಅವರು ಲೇಖನಿ ತೆಗೆದು ಅಂಚಿನಲ್ಲಿ ಬರೆದರು: ‘ಕುದುರೆ ಲಾಯದಲ್ಲಿಯೇ ಇರಲಿ. ಈ ಗುಮಾಸ್ತರು ಯಾರ ಸ್ವಭಾವದ ಬಗ್ಗೆ ಕೊಡುವ ಅಭಿಪ್ರಾಯವನ್ನೂ ಇನ್ನು ಮುಂದೆ ಪರಿಗಣಿಸತಕ್ಕದ್ದಲ್ಲ.’

ಗುಲಾಬಿ ಉಳಿದಳು. ನನ್ನ ನೌಕರಿಯೂ ಉಳಿಯಿತು. ಆ ಅಧಿಕಾರಿಗಳು ಯಾದಗಿರಿಗೆ ವರ್ಗವಾದ ಮೇಲೆ ಕಚೇರಿಯಲ್ಲಿ ಆ ಹುಕುಂ ಎಲ್ಲರಿಗೂ ಮರೆತುಹೋಯಿತು. ಆದರೆ ಅದನ್ನು ಅದೇ ಸಂಜೆ ಹೆಂಡತಿಗೆ ಓದಿ ಹೇಳುವ ಮೂರ್ಖತನ ಮಾಡಿದ್ದೆ. ಅವಳು ಮಾತ್ರ ಮರೆಯಲಿಲ್ಲ. ಮುಂದೆ ನಮ್ಮ ಮನೆಯವರು ಸೇರಿ ಇಬ್ಬರು ಅಳಿಯಂದಿರನ್ನೂ ಒಬ್ಬ ಸೊಸೆಯನ್ನೂ ಆರಿಸಿದರು. ಅವರ ಸ್ವಭಾವ ಹೇಗೆಂದು ನನ್ನನ್ನು ಯಾರೂ ಕೇಳಲಿಲ್ಲ. ಮೂವರೂ ಬಹಳ ಒಳ್ಳೆಯವರು ಸಿಕ್ಕಿದ್ದಾರೆ.