ಆಲ್ಬಮ್ಮಿಗೊಂದು ಕಾರ್ಲೆ

ಪ್ರಪಂಚ ನೋಡಲು ಮನೆ ಬಿಟ್ಟು ಹೋಗಬೇಕೆಂದು ಯಾರು ಹೇಳಿದರೋ, ಅವರ ಹತ್ತಿರ ಒಳ್ಳೆಯ ಆಲ್ಬಮ್ ಇದ್ದಿರಲಿಕ್ಕಿಲ್ಲ. ಸಾಂಚಿ, ಸಾರನಾಥ, ಅಜಂತೆಗಳನ್ನು ನಾನು ಪುಣೆಯ ನಮ್ಮ ಬಾಲ್ಕನಿಯಲ್ಲಿ ಕೂತೇ ನೋಡಿ ಮುಗಿಸಿದ್ದೇನೆ. ಬೆಳಗಾವಿಯ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಲಕೋಟೆಯ ಮೂಲೆ ಕತ್ತರಿಸಿ, ಬಸಿಯ ನೀರಿನಲ್ಲಿ ತೇಲಿಬಿಟ್ಟು, ಅಂಟು ಬಿಟ್ಟ ಸಾಂಚಿಯ ಸ್ಟಾಂಪನ್ನು ನನ್ನ ಅಂಗೈ ಮೇಲಿಟ್ಟು, "ಕೇರ್‌ಫುಲ್, ಚೈಲ್ಡ್, ಎರಡು ಸಾವಿರ ವರ್ಷ ಹಳೆಯದು" ಎಂದಿದ್ದರು. ಅವರು ಹೇಳಿದ್ದು ಸ್ತೂಪದ ಮಾತು. ನಾನು ಬಹಳ ದಿನ ಸ್ಟಾಂಪೇ ಅಷ್ಟು ಹಳೆಯದೆಂದು ನಂಬಿ ಉಸಿರು ಬಿಗಿಹಿಡಿದೇ ಮುಟ್ಟುತ್ತಿದ್ದೆ.

ಈಚೆಗೆ ನಮ್ಮ ಸೊಸೈಟಿಯ ಹಾಲಿನಲ್ಲಿ ಹವ್ಯಾಸಗಳ ಎಕ್ಸಿಬಿಷನ್ ಎಂದಾಯಿತು. ಮೇಲಿನ ಮನೆಯಾಕೆ ಲೇಲೆ ವಹಿನಿ ಪಕ್ಷಿಗಳ ಸ್ಟಾಂಪು ಇಡುವವರಿದ್ದರು. ತಮ್ಮದು ಕಂಪ್ಲೀಟ್ ಸೆಟ್ ಎಂದು ಲಿಫ್ಟಿನಲ್ಲಿ ನನ್ನ ಮುಖ ನೋಡಿಯೇ ಹೇಳಿದರು. ನನ್ನ ಬೌದ್ಧ ಸ್ಮಾರಕಗಳ ಸ್ಟಾಂಪು, ಕಾರ್ಡುಗಳ ಆಲ್ಬಮ್ಮಿನಲ್ಲಿ ಒಂದೇ ಒಂದು ಜಾಗ ಖಾಲಿಯಿರುವುದು ಅವರಿಗೆ ಗೊತ್ತು. ಅದು ಲೋಣಾವಳಾ ಹತ್ತಿರದ ಕಾರ್ಲೆ ಗುಹೆಯ ಪಿಕ್ಚರ್ ಪೋಸ್ಟ್‌ಕಾರ್ಡಿನ ಜಾಗ. ದೂರದ ಬೋಧಗಯೆ ಸಿಕ್ಕಿತು, ಮಗ್ಗುಲ ಕಾರ್ಲೆ ಸಿಗಲಿಲ್ಲ. ಲೋಣಾವಳಾಕ್ಕೆ ಹೋದಾಗಲೆಲ್ಲ ಗುಹೆ ನೋಡೋಣವೆಂದು ನಾನು, ಮುಂದಿನ ಸಲವೆಂದು ನಮ್ಮ ಯಜಮಾನರು. ಹೀಗೆ ಚಿಕ್ಕಿ ತಿಂದೇ ಹಲ್ಲು ಉದುರಿದವು.

ಯಜಮಾನರು ಈಗಲೂ ಮಾರ್ಕೆಟ್ ಯಾರ್ಡಿನ ತಮ್ಮ ಹಳೆಯ ತರಕಾರಿ ದಲಾಲಿ ಅಂಗಡಿಗೆ ಹೋಗಿ ಕೂರುತ್ತಾರೆ. ಬರುವ ದಾರಿಯಲ್ಲಿ ಹಳೆ ಪುಸ್ತಕ, ಕಾರ್ಡು ಮಾರುವವನೊಬ್ಬನಿದ್ದಾನೆ. ಯಜಮಾನರಿಗೆ ಫೋನ್ ಮಾಡಿದೆ. "ಬರೂ ಮುಂದ ಕಾರ್ಲೆ ತರ್ರಿ. ಒಂದ ಸಾಕು. ಹಳೇದಾದ್ರೂ ನಡೀತದ, ಕಲೆ ಇರಬಾರದು ಅಷ್ಟ."

"ಹಳೇದ್ಯಾಕ ತರ್ಲಿ? ಇಲ್ಲೇ ಭಾಳ ಚೊಲೋ ಮಾಲ್ ಬಂದದ."

ನನ್ನ ಹಾಬಿಯಲ್ಲಿ ಅವರು ಇಷ್ಟು ಇಂಟರೆಸ್ಟ್ ತೋರಿಸಿದ್ದು ಮದುವೆಯಾದಂದಿನಿಂದ ಇದೇ ಮೊದಲು. ಸಂಜೆ ಬಂದವರೇ ಮೇಜಿನ ಮೇಲೆ ಚೀಲ ಸುರಿದರು. ಹಾಗಲಕಾಯಿ. ಮರಾಠಿಯಲ್ಲಿ ಅದೂ ಕಾರ್ಲೆ. ಪುಣೆಗೆ ಬಂದ ಮೇಲೆ ನಮ್ಮ ಅಡುಗೆಮನೆಯಲ್ಲೂ ಅದೇ ಹೆಸರು. "ಒಂದರ ಮ್ಯಾಲೂ ಕಲೆ ಇಲ್ಲ ನೋಡು" ಎಂದರು.

ವಿಷಯ ತಿಳಿದ ಮೇಲೆ ಕುರ್ಚಿ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಆಲ್ಬಮ್ಮಿನ ಖಾಲಿ ಜಾಗ ನೋಡಿ, "ಚಿತ್ರ ಯಾಕ ಹುಡುಕ್ತೀ? ನಡಿ, ಅದನ್ನ ನೋಡಿ ಬರೂಣು" ಎಂದರು.

ಮರುದಿನವೇ ಹೋದೆವು. ಒಬ್ಬರ ಕೈ ಇನ್ನೊಬ್ಬರು ಹಿಡಿದು, ಒಬ್ಬರ ಮೊಣಕಾಲನ್ನು ಇನ್ನೊಬ್ಬರು ದೂಷಿಸುತ್ತ ಮೆಟ್ಟಿಲು ಹತ್ತಿದೆವು. ಒಳಗೆ ಕಂಬಗಳ ತಲೆಯ ಮೇಲೆ ಆನೆಗಳು, ಚಾವಣಿಗೆ ಮರದ ಕಮಾನುಗಳು, ಕೊನೆಯಲ್ಲಿ ಅರೆಬೆಳಕಿನಲ್ಲಿ ಸ್ತೂಪ. ಸುತ್ತ ಹಲ್ಲುಹಲ್ಲಿನ ಅಂಚಿಲ್ಲದ, ಮೂಲೆಯಲ್ಲಿ ಬೆಲೆ ಬರೆಯದ ಸ್ತೂಪವನ್ನು ನಾನು ಕಂಡದ್ದು ಅದೇ ಮೊದಲು. ಕಾಲೇಜು ಹುಡುಗಿಯೊಬ್ಬಳು ನಮ್ಮ ಫೋಟೋ ತೆಗೆದುಕೊಟ್ಟಳು. ಅದನ್ನೇ ಪೋಸ್ಟ್‌ಕಾರ್ಡ್ ಸೈಜಿನಲ್ಲಿ ಪ್ರಿಂಟ್ ಹಾಕಿಸಿ ಖಾಲಿ ಜಾಗಕ್ಕೆ ಸಿಕ್ಕಿಸಿದೆ. ಆದರೆ ಆ ಹುಡುಗಿ ನಮ್ಮನ್ನು ಎಷ್ಟು ಹತ್ತಿರದಿಂದ ಹಿಡಿದಿದ್ದಳೆಂದರೆ, ಸ್ತೂಪ ಕಾಣುತ್ತಿದ್ದುದು ನಮ್ಮಿಬ್ಬರ ಕಿವಿಗಳ ನಡುವೆ ಮಾತ್ರ.

ಎಕ್ಸಿಬಿಷನ್ನಿನ ದಿನ ಲೇಲೆ ವಹಿನಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, ಇದರಲ್ಲಿ ಪ್ರಾಚೀನ ಸ್ಮಾರಕ ಯಾವುದು ಎಂದು ಮರಾಠಿಯಲ್ಲಿ ಮೆತ್ತಗೆ ಕೇಳಿದರು.

"ಮೂರೂ" ಎಂದೆ. "ಹಿಂದಿನದನ್ನು ಸರಕಾರ ನೋಡಿಕೊಳ್ಳುತ್ತದೆ. ಮುಂದಿನ ಎರಡರ ರೆಸ್ಟೊರೇಷನ್ ಕೆಲಸ ನಮ್ಮ ಮನೆಯಲ್ಲೇ ನಡೆದಿದೆ, ಎರಡು ಹೊತ್ತೂ ಕಾರ್ಲೆ ಪಲ್ಯ ಹಾಕಿ."