ಸಾಹೇಬರ ಕಲ್ಲಿನ ಮೇಲೆ ಅವಲಕ್ಕಿ

ಶಾಸ್ತ್ರ ಅಂದರೆ ನನಗೆ ತಲೆ ಕೆಡುತ್ತದೆ. ಹುಡುಗಿ ನೋಡಬೇಕೇ, ನೋಡಿ. ಒಪ್ಪಿಗೆಯೇ, ಹೂಂ ಅನ್ನಿ. ಅದಕ್ಕೆ ರಾಹುಕಾಲ ಯಾಕೆ? ನಾನು ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಟೆಂಪೋ ಓಡಿಸುವವನು. ಈರುಳ್ಳಿ ರಾಹುಕಾಲ ಕೇಳುವುದಿಲ್ಲ, ಕೊಳೆಯುತ್ತದೆ. ಆದರೆ ರೇಣುಕಾಳ ಫೋಟೋ ನೋಡಿದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ. ಹಡಪಸರದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಹತ್ತನೆಯ ತರಗತಿ ಪಾಸು. ತಾಯಿ ತಂದೆ ಇಲ್ಲ, ಸಾಕಿದವಳು ಸೋದರತ್ತೆ. ಆ ಅತ್ತೆ ಉಹೂಂ ಅಂದರೆ ಮುಗಿಯಿತು.

ನೋಡುವುದು ಎಲ್ಲಿ? ನನ್ನ ಖೋಲಿಯಲ್ಲಿ ನನ್ನನ್ನೂ ಸೇರಿಸಿ ಐದು ಜನ ಗಂಡಸರು, ಹಗ್ಗದ ತುಂಬಾ ಚಡ್ಡಿ. ರೇಣುಕಾಳ ಮನೆಯಲ್ಲಿ ಕಾಲು ಚಾಚಿದರೆ ಬಾಗಿಲ ಹೊರಗೆ ಹೋಗುತ್ತದೆ. ನನಗೊಂದು ಗಾರ್ಡನ್ ಗೊತ್ತಿತ್ತು. ಎರಡು ದೊಡ್ಡ ರಸ್ತೆಗಳ ನಡುವೆ, ಹಳೆಯ ಚರ್ಚಿನ ಬೆನ್ನಿಗೆ ಇದೆ. ಹೊರಗೆ ಹಾರ್ನಿನ ಗದ್ದಲ, ಒಳಗೆ ಆಲದ ಮರ, ಹುಲ್ಲು, ಜೋಕಾಲಿ. ಮರದ ಕೆಳಗೆ ತಣ್ಣನೆಯ ಚಪ್ಪಟೆ ಕಲ್ಲುಗಳು. ಮಾಲು ಇಳಿಸಿ ಬಂದು ಅವುಗಳಲ್ಲೊಂದರ ಮೇಲೆ ಎಷ್ಟು ಮಧ್ಯಾಹ್ನ ಗೊರಕೆ ಹೊಡೆದಿದ್ದೇನೋ! ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಏನೋ ಕೆತ್ತಿತ್ತು. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ಯಾರೋ ಕಲ್ಲು ದಾನ ಕೊಟ್ಟು ಹೆಸರು ಹಾಕಿಸಿಕೊಂಡಿದ್ದಾರೆ ಅಂದುಕೊಂಡಿದ್ದೆ.

ಭಾನುವಾರ ನಾನು, ನನ್ನ ಸೋದರಮಾವ, ಆ ಕಡೆಯಿಂದ ರೇಣುಕಾ ಮತ್ತು ಅತ್ತೆ. ಅತ್ತೆ ಕಲ್ಲನ್ನು ಸೆರಗಿನಿಂದ ಒರೆಸಿ, ಡಬ್ಬಿ ಬಿಚ್ಚಿ, ಒಗ್ಗರಣೆ ಅವಲಕ್ಕಿ ಬಡಿಸಿದಳು. "ಜಾಗಾ ಭಾಳ ಛಲೋ ಹುಡಕೀರಿ" ಅಂದಳು. ನಾನು ಉಬ್ಬಿಹೋದೆ. ಮಾವ ಬಾಯಿ ತುಂಬಾ ಅವಲಕ್ಕಿ ತುಂಬಿಕೊಂಡ. ಆಗ ರೇಣುಕಾ ತನ್ನ ತಟ್ಟೆ ಸರಿಸಿ ಕಲ್ಲು ಓದತೊಡಗಿದಳು.

"ಅತ್ತಿ, ಇಲ್ಲಿ ಒಬ್ಬ ಸಾಹೇಬ ಮಲಗ್ಯಾನ. ಬಾಜೂಕ ಅವನ ಹೆಂಡತಿ."

"ಎಲ್ಲಿ?"

"ನಿನ್ನ ಡಬ್ಬಿ ಕೆಳಗ."

ಅತ್ತೆ ಆ ವಯಸ್ಸಿನಲ್ಲಿ ಅಷ್ಟು ಎತ್ತರ ಹಾರುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಮಾವನಿಗೆ ನುಂಗಲೂ ಆಗದು, ಉಗುಳಲೂ ಆಗದು. ಗಾರ್ಡನ್ನಿನ ಕಾವಲುಗಾರ ನಗುತ್ತಾ ಮರಾಠಿಯಲ್ಲಿ, "ಕಾಯ್ ಹೋತ್ ನಾಹೀ ಮಾವಶಿ, ಬಸಾ" ಅಂದ. ಏನೂ ಆಗುವುದಿಲ್ಲವಂತೆ, ಕೂರಬೇಕಂತೆ!

"ಹೆಣ್ಣು ನೋಡಾಕ ಸ್ಮಶಾನಕ್ಕ ಕರಕೊಂಡ ಬಂದೀಯೇನೋ ಮಂಗ್ಯಾ!" ಅತ್ತೆಯ ಬಹುವಚನ ಅಲ್ಲಿಗೆ ಹೋಯಿತು. ನನ್ನ ಜೀವವೂ.

ರೇಣುಕಾ ಮಾತ್ರ ಕಲ್ಲಿನಿಂದ ಕಣ್ಣು ತೆಗೆಯಲಿಲ್ಲ. "ಇಬ್ಬರೂ ಒಂದ ಕಲ್ಲಿನ ಕೆಳಗ ಅದಾರ. ಜಗಳ ಆಡಿಲ್ಲ ಅನಸ್ತದ" ಅಂದು ನನ್ನ ಕಡೆ ನೋಡಿದಳು. ಅಯ್ಯೋ ದೇವರೇ, ಆ ನೋಟ!

"ಇಲ್ಲಿ ಹೂಂ ಅನ್ನಬಾರದು, ಉಹೂಂನೂ ಅನ್ನಬಾರದು" ಅಂತ ಅತ್ತೆ ಎದ್ದಳು. "ಎಲ್ಲಾರೂ ತಲಿ ಮ್ಯಾಲೆ ನೀರು ಹಾಕ್ಕೋರಿ. ಆಮ್ಯಾಲೆ ಮಾತು."

ಸಂಜೆ ಫೋನ್ ಬಂತು. ರೇಣುಕಾ!

"ಸ್ನಾನ ಆತೇನ್ರಿ?"

"ಆತು."

"ಖರೇ ಹೇಳ್ರಿ."

"...ಇಲ್ಲ."

"ಮಾಡಿ ಫೋನ್ ಹಚ್ಚರಿ."

ನಲ್ಲಿಯಲ್ಲಿ ನೀರಿಲ್ಲ. ಕುಡಿಯುವ ನೀರಿನ ಕೊಡವನ್ನೇ ತಲೆಗೆ ಸುರಿದುಕೊಂಡೆ. ಖೋಲಿಯ ಉಳಿದ ನಾಲ್ವರೂ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನೀರು ತೊಟ್ಟಿಕ್ಕುತ್ತಲೇ ಫೋನ್ ಮಾಡಿದೆ.

"ನಂದು ಹೂಂ ಅದ. ಸುಳ್ಳು ಹೇಳಿದ್ರೂ ಲಗೂನ ಒಪ್ಪಗೊಂಡ್ರಲ್ಲ, ಅದಕ್ಕ. ಅತ್ತೀನೂ ಹೂಂ ಅಂದಾಳ."

ಹಿಂದಿನಿಂದ ಅತ್ತೆ ಕೂಗಿದಳು: "ತಲಿ ಮ್ಯಾಲೆ ಹಾಕ್ಕೊಂಡಾನೇನು ಕೇಳು!"

ಮರುದಿನ ಮಾಲು ಇಳಿಸಿದವನೇ ಗಾರ್ಡನ್‌ಗೆ ಓಡಿ ಸಾಹೇಬರಿಗೆ, ಅವರ ಮನೆಯವರಿಗೆ ಸುದ್ದಿ ಹೇಳಿ ಬಂದೆ. ಈ ಸಲ ಕಲ್ಲಿನ ಮೇಲೆ ಕೂರಲಿಲ್ಲ, ಚಪ್ಪಲಿ ಬಿಟ್ಟು ಪಕ್ಕದಲ್ಲಿ ನಿಂತಿದ್ದೆ. ಖೋಲಿಗೆ ಮರಳಿದಾಗ ನಾಲ್ವರೂ ನೀರಿನ ಕೊಡವನ್ನು ಸುತ್ತುವರಿದು ಕುಳಿತಿದ್ದರು. ನಾನು ಬಕೆಟ್ ಹಿಡಿದು ಪಕ್ಕದ ವಠಾರಕ್ಕೆ ಸ್ನಾನದ ನೀರು ಬೇಡಲು ಹೊರಟೆ. ಸ್ನಾನ ಮಾಡು ಅಂತ ಯಾರೂ ಹೇಳಿರಲಿಲ್ಲ.